ಸಭೆಗೆ ಎಲ್ಲರೂ ಬರುತ್ತಾರೆ, ಕೆಲಸ ಯಾಕೆ ಆಗಲ್ಲ?

ಓದುಗರ ಪ್ರಶ್ನೆ: ನಾನು ಚಿಕ್ಕಮಗಳೂರು ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ. ನಮ್ಮದು ಗುಡ್ಡದ ಬುಡದ ಊರು, ಸುತ್ತ ಕಾಫಿ ತೋಟ. ಹತ್ತು ವರ್ಷದ ಹಿಂದೆ ಮೂರ್ನಾಲ್ಕು ಹೋಂಸ್ಟೇ ಇದ್ದವು, ಈಗ ನಲವತ್ತು ದಾಟಿವೆ. ಶನಿವಾರ, ಭಾನುವಾರ ರಸ್ತೆಯಲ್ಲಿ ಕಾಲಿಡಲು ಜಾಗ ಇರಲ್ಲ. ಬೇಸಿಗೆಯಲ್ಲಿ ನಲ್ಲಿ ನೀರು ಎರಡು ದಿನಕ್ಕೊಮ್ಮೆ. ಕಸ ಹಳ್ಳಕ್ಕೆ ಹೋಗುತ್ತದೆ. ಹೋಂಸ್ಟೇಯವರು, ಜೀಪಿನವರು, ತೋಟದ ಮಾಲೀಕರು, ಅರಣ್ಯ ಇಲಾಖೆಯವರು ಎಲ್ಲರನ್ನೂ ಕರೆದು ಸಭೆ ಮಾಡಿದೆವು. ಎಲ್ಲರೂ ಹೌದು ಹೌದು ಅಂದರು, ಟೀ ಕುಡಿದು ಹೋದರು. ಏನೂ ಬದಲಾಗಲಿಲ್ಲ. ಪ್ರವಾಸೋದ್ಯಮದ ವಿಷಯದಲ್ಲಿ ಪಂಚಾಯಿತಿಗೆ ನಿಜವಾಗಿ ಅಧಿಕಾರ ಇದೆಯಾ? ಇಷ್ಟು ಜನರನ್ನು ಒಂದು ದಾರಿಗೆ ತರುವುದು ಹೇಗೆ? ನಿಯಮ ಬಿಗಿ ಮಾಡಿದರೆ ಟೂರಿಸ್ಟುಗಳು ಬರುವುದೇ ನಿಂತುಹೋಗುತ್ತದೆ ಅಂತ ಕೆಲವರು ಹೆದರಿಸುತ್ತಾರೆ. ಅದು ನಿಜವಾ?

ಉತ್ತರ: ಮೊದಲು ಅಧಿಕಾರದ ಪ್ರಶ್ನೆ ನೋಡೋಣ. ಉಳಿದ ಎರಡರ ಬೇರೂ ಅಲ್ಲೇ ಇದೆ.

ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿ ಹನ್ನೊಂದನೇ ಅನುಸೂಚಿಯಲ್ಲಿದೆ. ಆ ಪಟ್ಟಿಯನ್ನು ಒಮ್ಮೆ ತೆಗೆದು ಓದಿ. ಅದರಲ್ಲಿ ಪ್ರವಾಸೋದ್ಯಮ ಇಲ್ಲ. ಆದರೆ ಕುಡಿಯುವ ನೀರು ಇದೆ. ಆರೋಗ್ಯ, ನೈರ್ಮಲ್ಯ ಇದೆ. ರಸ್ತೆ ಇದೆ. ಸಂತೆ, ಜಾತ್ರೆ ಇದೆ. ಊರಿನ ಸಾರ್ವಜನಿಕ ಆಸ್ತಿ ಕಾಪಾಡುವ ಹೊಣೆ ಇದೆ. ಅಂದರೆ ಪ್ರವಾಸಿ ಬಂದಾಗ ಯಾವುದು ಸವೆಯುತ್ತದೋ, ಬಹುಪಾಲು ಅದು ನಿಮ್ಮ ಕೈಯಲ್ಲಿದೆ. ಪ್ರವಾಸಿಯನ್ನು ಕರೆಯುವ ಕೆಲಸ ಮಾತ್ರ ಬೇರೆಯವರದು.

ಇದನ್ನು ಕೊರತೆ ಅಂತ ನೋಡುವವರೇ ಜಾಸ್ತಿ. ನನಗೆ ಹಾಗನ್ನಿಸುವುದಿಲ್ಲ. ಕಟ್ಟಡಕ್ಕೆ ಪರವಾನಗಿ ಕೊಡುವುದು ಯಾರು? ನಲ್ಲಿ ಸಂಪರ್ಕ ಕೊಡುವುದು ಯಾರು? ಕಂದಾಯ ಹಾಕುವುದು ಯಾರು? ಪಂಚಾಯಿತಿಯೇ ಅಲ್ವಾ? ನಮ್ಮ ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆಯ 199ನೇ ಪ್ರಕರಣ ನೋಡಿ. ಬಸ್, ಟ್ಯಾಕ್ಸಿ, ಆಟೋ ನಿಲ್ದಾಣಕ್ಕೆ ಸರಿಯಾದ ಸೌಕರ್ಯ ಮಾಡಿಕೊಟ್ಟರೆ ಅದಕ್ಕೆ ಶುಲ್ಕ ಹಾಕಲು ಅಲ್ಲಿ ಅವಕಾಶ ಇದೆ. ಜಾತ್ರೆ, ಉತ್ಸವಕ್ಕೆ ಬರುವವರಿಗೆ ನೀರು, ನೈರ್ಮಲ್ಯದ ವ್ಯವಸ್ಥೆ ಮಾಡಿದರೆ ಯಾತ್ರಿಕರ ಶುಲ್ಕಕ್ಕೂ ಅವಕಾಶ ಇದೆ. ಜಾಹೀರಾತು ಬೋರ್ಡಿಗೆ ತೆರಿಗೆ ಹಾಕಬಹುದು. ನಿಮ್ಮ ಊರಿನ ದಾರಿಯುದ್ದಕ್ಕೂ ಹೋಂಸ್ಟೇ ಬೋರ್ಡುಗಳು ಸಾಲಾಗಿ ನಿಂತಿರಬೇಕು. ಅವುಗಳಲ್ಲಿ ಎಷ್ಟಕ್ಕೆ ತೆರಿಗೆ ಬರುತ್ತಿದೆ ಅಂತ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಕೇಳಿ ನೋಡಿ.

ಇನ್ನೊಂದು ಸಮಿತಿಯನ್ನು ಬಹಳ ಊರುಗಳು ಮರೆತೇಬಿಟ್ಟಿವೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಹಳ್ಳ, ದೇವರಕಾಡು, ಹುಲ್ಲುಗಾವಲು ಇವುಗಳ ದಾಖಲೆ ಬರೆಯುವುದು ಅದರ ಕೆಲಸ. ಕಾಗದದ ಮೇಲೆ ನಿಮ್ಮಲ್ಲೂ ಇರಬಹುದು. ಅದನ್ನು ಎಬ್ಬಿಸಿ. ಹಳ್ಳದ ಮೂಲ ಎಲ್ಲಿ, ಬೇಸಿಗೆಯಲ್ಲಿ ಎಷ್ಟು ಹರಿಯುತ್ತದೆ ಅನ್ನುವುದು ಆ ದಾಖಲೆಯಲ್ಲಿ ಬಂದರೆ ಮುಂದಿನ ಮಾತಿಗೆ ಬಲ ಬರುತ್ತದೆ.

ನಿಮ್ಮ ಕೈಯಲ್ಲಿ ಇಲ್ಲದ್ದೂ ಇದೆ. ಹೋಂಸ್ಟೇ ನೋಂದಣಿ ಪ್ರವಾಸೋದ್ಯಮ ಇಲಾಖೆಯದು. ಕಾಡಿನೊಳಗಿನ ಚಾರಣ ಅರಣ್ಯ ಇಲಾಖೆಯದು. ವಾಹನಗಳಿಗೆ ಮಿತಿ ಹಾಕುವುದು ಜಿಲ್ಲಾಡಳಿತ. ಮುಳ್ಳಯ್ಯನಗಿರಿ ಭಾಗಕ್ಕೆ 2025ರ ಸೆಪ್ಟೆಂಬರ್‌ನಿಂದ ಆನ್‌ಲೈನ್ ನೋಂದಣಿ ಬಂತು. ಬೆಳಿಗ್ಗೆ 600, ಮಧ್ಯಾಹ್ನ 600, ಒಟ್ಟು ದಿನಕ್ಕೆ 1200 ವಾಹನ. ಒಳ್ಳೆಯ ಹೆಜ್ಜೆ. ಆದರೆ ಒಂದು ಗುಡ್ಡಕ್ಕೆ ಮಿತಿ ಹಾಕಿದಾಗ ಅಲ್ಲಿ ಜಾಗ ಸಿಗದವರು ಮನೆಗೆ ವಾಪಸ್ ಹೋಗುವುದಿಲ್ಲ, ಪಕ್ಕದ ಗುಡ್ಡ ಹುಡುಕುತ್ತಾರೆ. ಆ ಪಕ್ಕದ ಗುಡ್ಡ ನಿಮ್ಮದಾಗಿರಬಹುದು. ಹಾಗಾಗಿ ಮಿತಿ ಹಾಕುವ ಮಾತು ಜಿಲ್ಲಾ ಮಟ್ಟದಲ್ಲಿ ನಡೆಯುವಾಗಲೇ ಸುತ್ತಲಿನ ಪಂಚಾಯಿತಿಗಳು ಒಟ್ಟಾಗಿ ಅಲ್ಲಿ ಹೋಗಿ ಕೂರಬೇಕು. ಆಮೇಲೆ ಮನವಿ ಪತ್ರ ಕೊಟ್ಟರೆ ಬಸ್ ತಪ್ಪಿಸಿಕೊಂಡ ಹಾಗೆ.

ಈಗ ನಿಮ್ಮ ಸಭೆಯ ವಿಷಯ. ಎಲ್ಲರೂ ಹೌದು ಅಂದು ಎದ್ದು ಹೋದರು ಅಂತ ಬರೆದಿದ್ದೀರಿ. ಅದಕ್ಕೆ ಅವರ ಮನಸ್ಸು ಕೆಟ್ಟದ್ದು ಅಂತ ಕಾರಣ ಹುಡುಕಬೇಡಿ. ಆ ಸಭೆಯಲ್ಲಿ ಯಾರೂ ಯಾರಿಗೂ ಏನೂ ಕೊಡಬೇಕಾಗಿರಲಿಲ್ಲ. ಪರಿಸರ ಉಳಿಸೋಣ, ಊರು ಚೆನ್ನಾಗಿಡೋಣ ಅನ್ನುವುದಕ್ಕೆ ಯಾರು ಇಲ್ಲ ಅಂತಾರೆ ಹೇಳಿ? ಯಾರು, ಏನನ್ನು, ಎಷ್ಟು ರೇಟಿಗೆ, ಯಾವ ದಿನ ಅಂತ ಬರೆದು ಸಹಿ ಹಾಕಿದ ಮೇಲೆಯೇ ಸಹಕಾರ ಶುರುವಾಗುವುದು. ಆ ಲೆಕ್ಕ ಇಡುವ ಕೆಲಸ ಸ್ಥಳೀಯ ಸಂಸ್ಥೆಯದು. ಇದನ್ನು ನಾನು ಧೈರ್ಯವಾಗಿ ಹೇಳುವುದು ಕೇರಳದ ಕುಮರಕಂ ಅನುಭವದಿಂದ.

ಕುಮರಕಂ ವೆಂಬನಾಡ್ ಕೆರೆಯ ದಡದ ಊರು, ಕೋಟ್ಟಯಂ ಜಿಲ್ಲೆ. ಅಲ್ಲಿ ದೊಡ್ಡ ರೆಸಾರ್ಟುಗಳು ಬಂದ ಮೇಲೆ ಊರಿನವರ ದೂರುಗಳೂ ಬೆಳೆದವು. ಕೆರೆ ದಡಕ್ಕೆ ಹೋಗುವ ದಾರಿ ಮುಚ್ಚಿತು. ಗದ್ದೆ ಪಾಳು ಬಿತ್ತು. ಹೋಟೆಲ್ ಅಡುಗೆಮನೆಗೆ ತರಕಾರಿ ಹೊರಗಿನ ಮಾರುಕಟ್ಟೆಯಿಂದ ಬರುತ್ತಿತ್ತು. ಊರಿನಲ್ಲಿ ಪ್ರವಾಸೋದ್ಯಮ ಇತ್ತು, ಅದರ ದುಡ್ಡು ಊರಿನವರ ಕೈಗೆ ಸಿಗುತ್ತಿರಲಿಲ್ಲ. ನಿಮ್ಮ ಊರಿನ ಕಥೆಗೆ ಹತ್ತಿರ ಇದೆ, ಅಲ್ವಾ?

2007ರಲ್ಲಿ ಕೇರಳ ಸರ್ಕಾರ ‘ಜವಾಬ್ದಾರಿಯುತ ಪ್ರವಾಸೋದ್ಯಮ’ ಅಂತ ಒಂದು ಪ್ರಯೋಗಕ್ಕೆ ಕೈ ಹಾಕಿತು. ಕುಮರಕಂ, ವಯನಾಡ್, ತೇಕ್ಕಡಿ, ಕೋವಳಂ ಈ ನಾಲ್ಕು ಜಾಗ ಆರಿಸಿಕೊಂಡಿತು. ನಾಲ್ಕರಲ್ಲೂ ಉದ್ದೇಶ ಒಂದೇ. ಎಲ್ಲಕ್ಕಿಂತ ಮುಂದೆ ಹೋಗಿದ್ದು ಕುಮರಕಂ. ಕೋವಳಂನಲ್ಲಿ ಅಷ್ಟು ಕೈಗೂಡಲಿಲ್ಲ. ನನ್ನ ಅಭಿಪ್ರಾಯದಲ್ಲಿ ಕುಮರಕಂ ಗೆಲ್ಲಲು ದೊಡ್ಡ ಕಾರಣ ಪಂಚಾಯಿತಿ. ಅದು ಸುಮ್ನೆ ಆಹ್ವಾನಿತರ ಸಾಲಿನಲ್ಲಿ ಕೂರಲಿಲ್ಲ. ಕುಟುಂಬಶ್ರೀ ಮಹಿಳಾ ಗುಂಪುಗಳನ್ನು ಜೊತೆಗೆ ಇಟ್ಟುಕೊಂಡು ಬೆಳೆಯುವ ಕೆಲಸವನ್ನು ತಾನೇ ಹೊತ್ತುಕೊಂಡಿತು. ಕೇರಳದಲ್ಲಿ ಊರಿನ ಯೋಜನೆಯನ್ನು ಊರಿನವರೇ ಮಾಡುವ ‘ಜನಯೋಜನೆ’ 1996ರಿಂದ ನಡೆದಿತ್ತು, 1998ರಿಂದ ಕುಟುಂಬಶ್ರೀ ಇತ್ತು. ಆ ತಳಪಾಯ ಇದ್ದದ್ದಕ್ಕೇ ಇದು ಸಾಧ್ಯವಾಯಿತು ಅನ್ನುವುದನ್ನೂ ಹೇಳಲೇಬೇಕು.

ಅವರು ಹಿಡಿದಿದ್ದು ಬಹಳ ಸಣ್ಣ ಎಳೆ. ಹೋಟೆಲುಗಳು ಊರಿನ ತರಕಾರಿ, ಮೊಟ್ಟೆ, ಮೀನು, ತೆಂಗಿನಕಾಯಿ ಕೊಳ್ಳಬೇಕು. ಕೇಳಲು ಸುಲಭ. ಹೋಟೆಲಿನ ಖರೀದಿ ಮ್ಯಾನೇಜರ್ ಕಡೆಯಿಂದ ನೋಡಿ. ಅವರಿಗೆ ದಿನಾ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಬೀನ್ಸ್ ಬರಬೇಕು. ಒಂದೇ ಅಳತೆಯದಿರಬೇಕು. ಒಂದು ದಿನ ಐವತ್ತು ಕೆಜಿ, ಮರುದಿನ ಐದು ಕೆಜಿ ಅಂದರೆ ನಡೆಯಲ್ಲ. ಬಿಲ್ ಬೇಕು. ದುಡ್ಡು ಕೊಡುವುದು ತಿಂಗಳ ಮೇಲೆ. ಈಗ ಬೆಳೆಯುವ ಹೆಂಗಸಿನ ಕಡೆಯಿಂದ ನೋಡಿ. ಅವಳ ಹಿತ್ತಲಲ್ಲಿ ನಾಲ್ಕು ಸಾಲು ಹರಿವೆ, ಎರಡು ಸಾಲು ಬೆಂಡೆ. ಕಿತ್ತ ದಿನವೇ ದುಡ್ಡು ಬೇಕು. ಬಿಲ್ ಬುಕ್ ಅವಳ ಹತ್ತಿರ ಎಲ್ಲಿಂದ ಬರಬೇಕು? ಈ ಇಬ್ಬರನ್ನೂ ಒಂದೇ ಸಭೆಯಲ್ಲಿ ಕೂರಿಸಿ ‘ಸಹಕರಿಸಿ’ ಅಂದರೆ ಇಬ್ಬರೂ ತಲೆ ಆಡಿಸುತ್ತಾರೆ. ವ್ಯಾಪಾರ ಮಾತ್ರ ಆಗುವುದಿಲ್ಲ.

ಅದಕ್ಕೆ ಅಲ್ಲಿ ನಡುವೆ ಒಂದು ವ್ಯವಸ್ಥೆ ಕಟ್ಟಿದರು. ‘ಸಮೃದ್ಧಿ’ ಅನ್ನುವ ಮಹಿಳೆಯರ ಗುಂಪು ಬೆಳೆಗಾರರಿಂದ ಸಂಗ್ರಹಿಸಿ ಹೋಟೆಲಿಗೆ ತಲುಪಿಸುತ್ತಿತ್ತು. ಬೆಲೆ ಕಟ್ಟಲು ಒಂದು ಸಮಿತಿ, ಗುಣಮಟ್ಟ ನೋಡಲು ಇನ್ನೊಂದು. ಬೆಲೆ ಮೊದಲೇ ಗೊತ್ತಿದ್ದದ್ದರಿಂದ ದಿನಾ ಚೌಕಾಸಿ ಇಲ್ಲ. ಹೋಟೆಲಿನವರು ಕೊಳ್ಳುತ್ತೇವೆ ಅಂತ ಮಾತು ಕೊಟ್ಟ ಮೇಲೆಯೇ ಬಿತ್ತನೆ. ಪಾಳು ಬಿದ್ದಿದ್ದ ಗದ್ದೆಗಳಲ್ಲಿ ಮತ್ತೆ ಬೆಳೆ ಬಂತು. ಆಮೇಲೆ ಇದಕ್ಕೆ ಬೇರೆ ಎಳೆಗಳು ಸೇರಿದವು. ತೆಂಗಿನ ನಾರು ಹೊಸೆಯುವುದು, ಗರಿ ಹೆಣೆಯುವುದು, ಮೀನು ಹಿಡಿಯುವುದು ಇವನ್ನು ತೋರಿಸುವ ಹಳ್ಳಿ ಜೀವನದ ಪ್ರವಾಸ ಶುರುವಾಯಿತು. ಅದರ ದುಡ್ಡು ತೋರಿಸುವ ಮನೆಯವರಿಗೇ ಹೋಯಿತು. ಕುಮರಕಂನ ಈ ಕೆಲಸಕ್ಕೆ 2013ರ ಸಾಲಿನಲ್ಲಿ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆಯ ಯುಲಿಸಿಸ್ ಪ್ರಶಸ್ತಿ ಬಂತು. ಅದು ಬಂದಿದ್ದು ಸಾರ್ವಜನಿಕ ನೀತಿ ಮತ್ತು ಆಡಳಿತ ಅನ್ನುವ ವಿಭಾಗದಲ್ಲಿ. ಅದು ನನಗೆ ಮುಖ್ಯ ಅನ್ನಿಸುತ್ತದೆ. 2017ರಲ್ಲಿ ಇಡೀ ರಾಜ್ಯಕ್ಕೆ ಒಂದು ಮಿಷನ್ ಆಯಿತು.

ಕುಮರಕಂ ಎಲ್ಲವನ್ನೂ ಬಗೆಹರಿಸಿತು ಅಂತ ಅಂದುಕೊಳ್ಳಬೇಡಿ. ವೆಂಬನಾಡ್ 2002ರಿಂದ ರಾಮ್ಸಾರ್ ಪಟ್ಟಿಯಲ್ಲಿ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಯಲ್ಲಿದೆ. ಆದರೂ ಹೌಸ್‌ಬೋಟುಗಳ ಕೊಳೆ, ಪ್ಲಾಸ್ಟಿಕ್ ಅದನ್ನು ಬಾಧಿಸುವುದು ನಿಂತಿಲ್ಲ. ಆ ಕೆರೆ ಕೋಟ್ಟಯಂ, ಆಲಪ್ಪುಳ, ಎರ್ನಾಕುಲಂ ಮೂರು ಜಿಲ್ಲೆಗೂ ಸೇರಿದ್ದು. ಒಂದು ಪಂಚಾಯಿತಿ ತನ್ನ ಗಡಿಯೊಳಗೆ ಎಷ್ಟೇ ಚೆನ್ನಾಗಿ ನಡೆದರೂ ನೀರು ಗಡಿ ನೋಡುವುದಿಲ್ಲ. ನಿಮ್ಮ ಹಳ್ಳಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಹಾಗಾದರೆ ನೀವು ಯಾವ ಎಳೆ ಹಿಡಿಯಬೇಕು? ಕಸ ಹಿಡಿಯಿರಿ. ನೀರು ಅದಕ್ಕಿಂತ ದೊಡ್ಡ ಸಮಸ್ಯೆ, ನನಗೆ ಗೊತ್ತು. ಆದರೆ ಕಸದಲ್ಲಿ ಒಂದೆರಡು ತಿಂಗಳಲ್ಲಿ ಕಣ್ಣಿಗೆ ಕಾಣುವ ಬದಲಾವಣೆ ಆಗುತ್ತದೆ, ಜನರಿಗೆ ನಂಬಿಕೆ ಹುಟ್ಟುತ್ತದೆ. ಆ ನಂಬಿಕೆ ಕೈಯಲ್ಲಿಟ್ಟುಕೊಂಡು ನೀರಿನ ಮಾತಿಗೆ ಹೋಗಿ.

ನಮ್ಮ ರಾಜ್ಯದಲ್ಲಿ ಇದಕ್ಕೆ ಬೇಕಾದ ಸಲಕರಣೆ ಈಗಾಗಲೇ ಇದೆ. ಸಂಜೀವಿನಿ ಒಕ್ಕೂಟ, ಅಂದರೆ ಮಹಿಳಾ ಸ್ವಸಹಾಯ ಗುಂಪುಗಳ ಒಕ್ಕೂಟ ಇದೆ. ಅನೇಕ ಪಂಚಾಯಿತಿಗಳು ಒಕ್ಕೂಟದ ಜೊತೆ ಒಪ್ಪಂದ ಮಾಡಿಕೊಂಡು ಕಸದ ಕೆಲಸ ವಹಿಸಿವೆ. ಸ್ವಚ್ಛವಾಹಿನಿ ಗಾಡಿಯನ್ನು ಓಡಿಸುವವರೂ ಎಷ್ಟೋ ಕಡೆ ಹೆಣ್ಣುಮಕ್ಕಳೇ. ನಿಮ್ಮ ಹತ್ತಿರ ಒಣಕಸ ಘಟಕಕ್ಕೆ ಜಾಗ ಇಲ್ಲದಿದ್ದರೆ ಕಾರ್ಕಳ ತಾಲ್ಲೂಕಿನ ನಿಟ್ಟೆಗೆ ಹೋಗಿ ನೋಡಿಕೊಂಡು ಬನ್ನಿ. ಹಲವು ಪಂಚಾಯಿತಿಗಳ ಒಣಕಸ ಅಲ್ಲಿ ಒಂದೇ ಘಟಕಕ್ಕೆ ಬರುತ್ತದೆ.

ಒಪ್ಪಂದ ಬರೆಯುವಾಗ ಮೂರು ಕಡೆ ಗಟ್ಟಿಯಾಗಿರಿ. ಶುಲ್ಕವನ್ನು ಅತಿಥಿಗಳ ಲೆಕ್ಕದಲ್ಲಿ ಹಾಕಬೇಡಿ, ರೂಮಿನ ಲೆಕ್ಕದಲ್ಲಿ ಹಾಕಿ. ಅತಿಥಿಗಳ ಲೆಕ್ಕ ಮುಚ್ಚಿಡಬಹುದು, ರೂಮು ಮುಚ್ಚಿಡಲು ಆಗಲ್ಲ. ಗಾಡಿ ಬರುವ ದಿನ ಸೋಮವಾರ ಬೆಳಿಗ್ಗೆ ಇರಲಿ. ವಾರಾಂತ್ಯದ ಕಸ ಮಂಗಳವಾರದವರೆಗೆ ಉಳಿದರೆ ನಾಯಿ, ಹಂದಿ ಎಳೆದು ಹಾಕುತ್ತವೆ, ಕೊನೆಗೆ ಅದು ಹಳ್ಳಕ್ಕೇ ಸೇರುತ್ತದೆ. ಗಾಡಿ ಬಾರದಿದ್ದರೆ ಏನು ಅನ್ನುವುದನ್ನೂ ಬರೆಯಿರಿ. ಆ ವಾರದ ಶುಲ್ಕ ಕಡಿತ ಅಂತಲೋ, ಮರುದಿನ ಖಂಡಿತ ಬರಬೇಕು ಅಂತಲೋ. ಹೋಂಸ್ಟೇಯವರು ತಪ್ಪಿದರೆ ಮಾತ್ರ ದಂಡ, ಪಂಚಾಯಿತಿ ತಪ್ಪಿದರೆ ಏನೂ ಇಲ್ಲ ಅಂದರೆ ಅದನ್ನು ಒಪ್ಪಂದ ಅನ್ನೋಕಾಗಲ್ಲ. ಬಂದ ದುಡ್ಡು, ಹೋದ ದುಡ್ಡು ಎರಡನ್ನೂ ಜಮಾಬಂದಿಯಲ್ಲಿ, ಅಂದರೆ ಪಂಚಾಯಿತಿಯ ವರ್ಷದ ಲೆಕ್ಕ ತಪಾಸಣೆಯಲ್ಲಿ, ಜನರ ಮುಂದೆ ಓದಿಸಿ. ಶುಲ್ಕ ಎಲ್ಲಿ ಹೋಗುತ್ತದೆ ಅಂತ ಗೊತ್ತಾದರೆ ಕೊಡುವವರ ಗೊಣಗಾಟ ಅರ್ಧ ಕಡಿಮೆಯಾಗುತ್ತದೆ.

ನೀರಿಗೆ ಬಂದರೆ ಮೊದಲು ಒಂದು ಲೆಕ್ಕ ಮಾಡಿ, ಸಭೆಯಲ್ಲಿ ಬೋರ್ಡಿನ ಮೇಲೆ ಬರೆಯಿರಿ. ಜಲಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಅಂತ ಇಟ್ಟುಕೊಂಡಿದೆ. ನಿಮ್ಮ ನಲವತ್ತು ಹೋಂಸ್ಟೇಗಳಲ್ಲಿ ಶನಿವಾರ ತಲಾ ಹತ್ತು ಜನ ಅಂದರೆ 400 ಜನ. 55 ಲೀಟರ್ ಲೆಕ್ಕದಲ್ಲೇ 22,000 ಲೀಟರ್ ಆಯಿತು. ಷವರ್, ಹಾಸಿಗೆ ಬಟ್ಟೆ ಒಗೆಯುವುದು, ಗಾಡಿ ತೊಳೆಯುವುದು ಎಲ್ಲ ಸೇರಿ ತಲಾ 150 ಲೀಟರ್ ಹಿಡಿದರೆ 60,000 ಲೀಟರ್. ಇದನ್ನು ನಿಮ್ಮ ಓವರ್‌ಹೆಡ್ ಟ್ಯಾಂಕಿನ ಅಳತೆಯ ಪಕ್ಕದಲ್ಲಿ ಬರೆದಿಡಿ. ನಂತರ ಯಾರೂ ಭಾಷಣ ಮಾಡಬೇಕಾಗಿಲ್ಲ. ಮಳೆನೀರು ಸಂಗ್ರಹದ ತೊಟ್ಟಿ ಇಲ್ಲದೆ ಹೊಸ ಕಟ್ಟಡಕ್ಕೆ ಪರವಾನಗಿ ಇಲ್ಲ, ವಾಣಿಜ್ಯ ಬಳಕೆಯ ನಲ್ಲಿಗೆ ಮೀಟರ್, ಏಪ್ರಿಲ್, ಮೇನಲ್ಲಿ ಮನೆಗಳ ಸರದಿ ಮೊದಲು. ಇಂಥ ನಿರ್ಣಯಗಳನ್ನು ಗ್ರಾಮಸಭೆಯಲ್ಲಿ ಇಟ್ಟು ನಡಾವಳಿ ಪುಸ್ತಕದಲ್ಲಿ ಬರೆಸಿ. ಬಾಯಿಮಾತಿನ ನಿರ್ಣಯ ಪಿಡಿಒ ವರ್ಗಾವಣೆ ಆದ ದಿನ ಸತ್ತುಹೋಗುತ್ತದೆ.

ಯಾರನ್ನು ಕರೆದಿರಿ ಅಂತ ನೀವು ಬರೆದ ಪಟ್ಟಿಯನ್ನು ಇನ್ನೊಮ್ಮೆ ನೋಡಿದೆ. ತೋಟದ ಮಾಲೀಕರಿದ್ದಾರೆ, ತೋಟದ ಲೈನ್ ಮನೆಗಳಲ್ಲಿ ಇರುವ ಕೂಲಿ ಕೆಲಸದವರು ಇಲ್ಲ. ನಲ್ಲಿ ನಿಂತಾಗ ಮೊದಲು ಬಿಂದಿಗೆ ಹಿಡಿದು ಹಳ್ಳಕ್ಕೆ ನಡೆಯುವವರು ಅವರೇ. ಹೋಂಸ್ಟೇಯಲ್ಲಿ ಪಾತ್ರೆ ತೊಳೆಯುವವರು, ರೂಮು ಗುಡಿಸುವವರು, ಕಸ ಎಲ್ಲಿ ಸುರಿಯುತ್ತಾರೆ ಅಂತ ಸರಿಯಾಗಿ ಗೊತ್ತಿರುವವರೂ ಅವರೇ. ದಯವಿಟ್ಟು ಅವರನ್ನು ಕರೆಯಿರಿ. ಕರೆಯುವುದಷ್ಟೇ ಸಾಲದು, ಹೊತ್ತನ್ನೂ ನೋಡಿ. ಭಾನುವಾರ ಸಭೆ ಇಟ್ಟರೆ ಹೋಂಸ್ಟೇಯವರು, ಜೀಪಿನವರು ಬರಲ್ಲ, ಅವರಿಗೆ ಅದೇ ದುಡಿಮೆಯ ದಿನ. ವಾರದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟರೆ ತೋಟದ ಕೆಲಸದವರು ಕೂಲಿ ಕಳೆದುಕೊಂಡು ಬರಬೇಕು. ಮಂಗಳವಾರವೋ ಬುಧವಾರವೋ ಸಂಜೆ ಕೆಲಸ ಬಿಟ್ಟ ಮೇಲೆ ಇಡಿ. ಲೈನಿನ ಹತ್ತಿರವೇ ಒಂದು ವಾರ್ಡ್ ಸಭೆ ಮಾಡಿದರೆ ಇನ್ನೂ ಒಳ್ಳೆಯದು. ಪಂಚಾಯಿತಿ ಕಟ್ಟಡದಲ್ಲಿ ಬಾಯಿ ಬಿಡದವರು ಅವರ ಅಂಗಳದಲ್ಲಿ ಮಾತಾಡುತ್ತಾರೆ.

ಹೋಂಸ್ಟೇ ಅಂದರೆ ಮನೆಯವರು ಅಲ್ಲೇ ವಾಸ ಇರಬೇಕು ಅನ್ನುವುದು ನಿಯಮ. ಊರಿನ ಮನೆಯನ್ನು ಹೊರಗಿನವರು ಲೀಸಿಗೆ ತೆಗೆದುಕೊಂಡು ಮ್ಯಾನೇಜರ್ ಇಟ್ಟು ನಡೆಸುವುದು ಲಾಡ್ಜು. ಯಾವ ಮನೆಯಲ್ಲಿ ಯಾರು ವಾಸ ಇದ್ದಾರೆ ಅನ್ನುವುದು ಜಿಲ್ಲಾ ಕಚೇರಿಗಿಂತ ನಿಮಗೆ ಚೆನ್ನಾಗಿ ಗೊತ್ತು. ಆ ಪಟ್ಟಿ ಮಾಡಿ ಇಲಾಖೆಗೆ ಕಳಿಸಿ. ಊರಿನ ನಿಜವಾದ ಹೋಂಸ್ಟೇಯವರು ಇದಕ್ಕೆ ನಿಮ್ಮ ಜೊತೆ ನಿಲ್ಲುತ್ತಾರೆ, ಯಾಕಂದ್ರೆ ಅವರ ವ್ಯಾಪಾರಕ್ಕೆ ಪೆಟ್ಟು ಕೊಡುತ್ತಿರುವುದು ಆ ಲಾಡ್ಜುಗಳೇ.

ತಡ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಹಂಪಿ ಕಡೆ ನೋಡಿ. ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ. ಅದಕ್ಕೆಂದೇ 2002ರ ಕಾಯ್ದೆ ಇದೆ, ಪ್ರಾಧಿಕಾರ ಇದೆ. ಆದರೂ ಬಜಾರಿನ ಮಂಟಪಗಳಲ್ಲಿ ಅಂಗಡಿ, ಮನೆ ಬೆಳೆಯುತ್ತಾ ಹೋದವು. 2011ರ ಜುಲೈನಲ್ಲಿ ಅವನ್ನು ಒಮ್ಮೆಗೇ ತೆರವು ಮಾಡಿದರು. ನದಿಯಾಚೆ ವಿರೂಪಾಪುರ ಗಡ್ಡೆಯಲ್ಲಿ ರೆಸಾರ್ಟುಗಳು ಬೆಳೆದವು. ಸುಪ್ರೀಂ ಕೋರ್ಟಿನ ತೀರ್ಪು ಬಂದು 2020ರಲ್ಲಿ ಅವನ್ನೂ ಕೆಡವಿದರು. ಸ್ಮಾರಕ ಉಳಿಸಬೇಕಾದದ್ದು ನಿಜ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲ ಅಂಗಡಿ ಬಂದಾಗಲೇ ಊರಿನವರು, ಪಂಚಾಯಿತಿ, ಪ್ರಾಧಿಕಾರ ಕೂತು ಎಲ್ಲಿ ಕೂಡದು, ಎಲ್ಲಿ ಆಗಬಹುದು ಅಂತ ಗೆರೆ ಎಳೆದಿದ್ದರೆ ಅಷ್ಟು ಸಂಸಾರಗಳು ಬೀದಿಗೆ ಬರುತ್ತಿರಲಿಲ್ಲ. ಹೀಗೆ ಬುಲ್ಡೋಜರ್ ಬಂದಾಗ ಕಳೆದುಕೊಳ್ಳುವವರು ಸಣ್ಣವರೇ. ನಿಮ್ಮ ಊರಿನಲ್ಲಿ ಸಾಲ ಮಾಡಿ ಎರಡು ರೂಮು ಕಟ್ಟಿದವರು ಇದ್ದಾರಲ್ಲ, ಅವರಿಗೆ ಇದನ್ನು ಬಿಡಿಸಿ ಹೇಳಿ. ಸ್ಪಷ್ಟವಾದ ನಿಯಮ ಅವರಿಗೇ ರಕ್ಷಣೆ.

ಕೊನೆಯ ಪ್ರಶ್ನೆ, ಬಿಗಿ ಮಾಡಿದರೆ ಟೂರಿಸ್ಟು ಬರಲ್ಲ ಅನ್ನುವ ಹೆದರಿಕೆ. ಉತ್ತರ ಸಿಕ್ಕಿಂನಲ್ಲಿ ಲಾಚೆನ್ ಅಂತ ಒಂದು ಊರಿದೆ. ಗುರುಡೋಂಗ್ಮಾರ್ ಸರೋವರಕ್ಕೆ ಹೋಗುವವರು ಅಲ್ಲಿ ರಾತ್ರಿ ತಂಗುತ್ತಾರೆ. ಅಲ್ಲಿ ಊರಿನ ಆಡಳಿತ ‘ಜುಮ್ಸಾ’ ಅನ್ನುವ ಸಾಂಪ್ರದಾಯಿಕ ಸಭೆಯದು, ಅದರ ಮುಖ್ಯಸ್ಥನಿಗೆ ಪಿಪೊನ್ ಅಂತಾರೆ. ಬಾಟಲಿ ನೀರಿನ ಕಸ ಮಿತಿಮೀರಿದಾಗ ಜುಮ್ಸಾ 2012ರಲ್ಲಿ ಪ್ಲಾಸ್ಟಿಕ್ ಬಾಟಲಿ ನೀರನ್ನೇ ನಿಷೇಧಿಸಿತು. ಪ್ರವಾಸಿಗರು ಬರುವುದು ನಿಲ್ಲಲಿಲ್ಲ. ಆಮೇಲೆ 2022ರಲ್ಲಿ ಇಡೀ ಸಿಕ್ಕಿಂ ರಾಜ್ಯವೇ ಆ ದಾರಿ ಹಿಡಿಯಿತು. ಪಕ್ಕದ ನೀಲಗಿರಿ, ಕೊಡೈಕನಾಲ್‌ಗೆ ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ ತಿಂಗಳಿಂದ ಇ-ಪಾಸ್ ಇದೆ. ಈಗಲೂ ರಜೆ ಬಂದರೆ ಜನ ಊಟಿಗೆ ಹೊರಡುತ್ತಾರೆ.

ಒಂದೆರಡು ವಾರ ಬುಕಿಂಗ್ ಕಡಿಮೆಯಾಗಬಹುದು, ಇಲ್ಲ ಅನ್ನಲ್ಲ. ರಾತ್ರಿಯಿಡೀ ಡಿಜೆ ಹಾಕಿಸಿಕೊಳ್ಳಲು ಬರುವವರು ಬೇರೆ ಜಾಗ ಹುಡುಕಬಹುದು. ಅದನ್ನು ಹೋಂಸ್ಟೇಯವರಿಗೆ ಮೊದಲೇ ಹೇಳಿಬಿಡಿ, ಮುಚ್ಚಿಡಬೇಡಿ. ಬದಲಿಗೆ ಕುಮರಕಂ ರೀತಿ ಒಂದು ಮಾತು ಅವರ ಮುಂದೆ ಇಡಿ. ನೀವು ಅಕ್ಕಿರೊಟ್ಟಿಯ ಅಕ್ಕಿ, ಸೊಪ್ಪು, ಮೊಟ್ಟೆ, ಜೇನು, ಕಾಳುಮೆಣಸು ಊರಿನ ಒಕ್ಕೂಟದಿಂದ ಕೊಳ್ಳಿ; ಪಂಚಾಯಿತಿ ನಿಮ್ಮ ಕಸ ತಪ್ಪದೆ ಎತ್ತುತ್ತದೆ, ದಾರಿಯ ಪಾರ್ಕಿಂಗ್ ಸರಿ ಮಾಡುತ್ತದೆ. ಜೀಪಿನವರಿಗೆ ನಿಲ್ದಾಣ, ಶೌಚಾಲಯ, ಸರದಿ ಪುಸ್ತಕ ಮಾಡಿಕೊಡಿ. ಅವರು ಶುಲ್ಕ ಕೊಡಲಿ, ಗುಡ್ಡದ ಹುಲ್ಲಿನ ಮೇಲೆ ಗಾಡಿ ಹತ್ತಿಸುವುದಿಲ್ಲ ಅಂತ ಬರೆದುಕೊಡಲಿ.

ಮುಂದಿನ ಗ್ರಾಮಸಭೆಯ ತಿಳಿವಳಿಕೆ ಪತ್ರದಲ್ಲಿ ‘ಪ್ರವಾಸೋದ್ಯಮ ಅಭಿವೃದ್ಧಿ ಕುರಿತು ಚರ್ಚೆ’ ಅಂತ ಬರೆಸಬೇಡಿ. ‘ಹೋಂಸ್ಟೇ ಒಣಕಸ: ರೂಮಿಗೆ ಎಷ್ಟು ಶುಲ್ಕ, ಯಾವ ದಿನ ಗಾಡಿ’ ಅಂತ ಬರೆಸಿ. ಕರಡು ಒಪ್ಪಂದವನ್ನು ವಾರದ ಮೊದಲೇ ಎಲ್ಲರಿಗೂ ತಲುಪಿಸಿ. ಒಕ್ಕೂಟದವರಿಗೆ ಗಾಡಿಯ ಡೀಸೆಲ್, ಇಬ್ಬರ ಸಂಬಳ, ತಿಂಗಳ ರಿಪೇರಿ ಎಷ್ಟಾಗುತ್ತದೆ ಅಂತ ಲೆಕ್ಕ ಬರೆದು ತರಲು ಹೇಳಿ. ಆ ಮೊತ್ತವನ್ನು ಒಟ್ಟು ರೂಮುಗಳಿಂದ ಭಾಗಿಸಿದರೆ ಶುಲ್ಕ ಎಷ್ಟು ಅನ್ನುವುದು ಸಭೆಯಲ್ಲೇ ಎಲ್ಲರ ಕಣ್ಣೆದುರು ಸಿಗುತ್ತದೆ. ಸಹಿ ಹಾಕಲು ಪೆನ್ನು, ನಡಾವಳಿ ಪುಸ್ತಕ ಟೇಬಲ್ ಮೇಲೆ ಇರಲಿ. ಟೀ ಸಹಿ ಆದ ಮೇಲೆ ಕೊಡಿಸಿ.